ನಾಲ್ಕು ಕಂಬಳಿ

"ಇನ್ನೊಂದು ಹೊದಿಸಿ, ಕುತ್ತಿಗೆ ಇನ್ನೂ ಹೊಳೀತಾ ಇದೆ," ಎಂದಳು ಹೆಂಡತಿ ನಬಾತ್.

ನೂರ್‌ಬೆರ್ದಿ ನಾಲ್ಕನೆಯ ಕಂಬಳಿ ಎಳೆದು ಕುದುರೆಯ ಕಿವಿಯವರೆಗೂ ಮುಚ್ಚಿದ. ಕಾರಾಕುಮ್ ಮರುಭೂಮಿಯ ಉರಿಬಿಸಿಲಲ್ಲೂ ಕುದುರೆಗೆ ಕಂಬಳಿ ಹೊದಿಸುವುದು ಅಲ್ಲಿ ಹೊಸದಲ್ಲ. ಓಟದ ಕುದುರೆಯ ಕೊಬ್ಬು ಕರಗಿಸುವುದೇ ಹಾಗೆ. ಇವತ್ತು ಮಾತ್ರ ಅದರ ಮೈಬಣ್ಣ ಮುಚ್ಚಬೇಕಿತ್ತು. ಜಿಲ್ಲೆಯ ದೊಡ್ಡ ಅಧಿಕಾರಿ ಚಹಾಕ್ಕೆ ಬರುತ್ತಿದ್ದ. ಅವನೇನೂ ಕಿತ್ತುಕೊಳ್ಳುವವನಲ್ಲ, 'ಚೆನ್ನಾಗಿದೆ' ಅನ್ನುತ್ತಾನೆ, ಅಷ್ಟೇ. ಅತಿಥಿ ಮೆಚ್ಚಿದ್ದನ್ನು ಕೊಡದವನು ಆ ಊರಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಪಕ್ಕದ ಊರಿನ ಎರಡು ಲಾಯಗಳು ಹೀಗೇ ಬರಿದಾಗಿದ್ದವು. ಈ ಗುಯುನ್ ಕುದುರೆಯನ್ನಾದರೋ ನೂರ್‌ಬೆರ್ದಿ ತಾಯಿ ಸತ್ತ ಮರಿಯಾಗಿದ್ದಾಗಿನಿಂದ ಕೈಯಾರೆ ಹಾಲು ಕುಡಿಸಿ ಸಾಕಿದ್ದ.

ಅಧಿಕಾರಿ ಬಂದ, ಚಹಾ ಕುಡಿದ, ಅಂಗಳದತ್ತ ನೋಡಿದ.

"ಇದೇನಣ್ಣ, ಕುದುರೆಯೋ ಹಾಸಿಗೆ ಗಂಟೋ?"

ಜೊತೆಯವರು ನಕ್ಕರು.

"ಕಜ್ಜಿ ಹತ್ತಿದೆ ಸ್ವಾಮಿ, ಹತ್ರ ಹೋಗ್ಬೇಡಿ," ಎಂದಳು ನಬಾತ್.

"ಪಾಪ." ಅಧಿಕಾರಿ ನೂರ್‌ಬೆರ್ದಿಯತ್ತ ತಿರುಗಿದ. "ನಿಮ್ಮಪ್ಪ ದೊಡ್ಡ ಕುದುರೆಗಾರ ಅಂತಿದ್ರು ಜನ. ಇದನ್ನ ನೋಡಿದ್ರೆ ಕತ್ತೆ ಸಾಕ್ತಿದ್ರು ಅನ್ಸುತ್ತೆ!"

ನೂರ್‌ಬೆರ್ದಿಯ ನೆತ್ತಿಗೆ ರಕ್ತ ಏರಿತು. ನಬಾತ್ ಅವನ ತೋಳು ಹಿಡಿಯುವಷ್ಟರಲ್ಲಿ ಅವನು ಅಂಗಳದಲ್ಲಿದ್ದ. ಒಂದೊಂದೇ ಕಂಬಳಿ ಕಿತ್ತೆಸೆದ.

"ನೋಡಿ! ನಮ್ಮಪ್ಪ ಸಾಕಿದ ಕುದುರೆಯ ಮೊಮ್ಮಗ ಇದು! ನಿಮ್ಮ ಜಿಲ್ಲೇಲಿ ಇನ್ನೊಂದಿದ್ರೆ ತೋರ್ಸಿ!"

ಬಿಸಿಲಿಗೆ ಗುಯುನ್ ಕಾಯಿಸಿದ ಚಿನ್ನದ ಹಾಗೆ ಹೊಳೆಯಿತು. ಯಾರೂ ನಗಲಿಲ್ಲ. ತಾನು ಮಾಡಿಕೊಂಡದ್ದೇನೆಂದು ನೂರ್‌ಬೆರ್ದಿಗೆ ಆಗ ಹೊಳೆಯಿತು.

ಅಧಿಕಾರಿ ಬಟ್ಟಲು ಕೆಳಗಿಟ್ಟ. "ಚೆನ್ನಾಗಿದೆ," ಎಂದ.

ನಬಾತ್ ಮುಖ ತಿರುಗಿಸಿದಳು. ಎಲ್ಲರೂ ಕಾಯುತ್ತಿದ್ದರು, ಬೇಲಿಯಾಚೆಯ ನೆರೆಯವರೂ.

"ನಿಮ್ಮದೇ ಸ್ವಾಮಿ," ಎಂದ ನೂರ್‌ಬೆರ್ದಿ. ಆ ನಾಲಗೆ ತನ್ನದೆಂದು ಅವನಿಗೆ ಅನ್ನಿಸಲಿಲ್ಲ.

ಕುದುರೆಯನ್ನು ಒಯ್ಯಲು ಲಾರಿ ಬಂತು. ಇಬ್ಬರು ಎಳೆದರೂ ಗುಯುನ್ ಹಲಗೆಯ ಮೇಲೆ ಕಾಲಿಡಲಿಲ್ಲ; ಮುಂಗಾಲೆತ್ತಿ ಕೆನೆದು ಒಬ್ಬನನ್ನು ಕೆಡವಿತು. ಚಾಲಕ ಚಾವಟಿ ತಂದ.

"ಹೊಡೀಬೇಡ್ರೋ!" ನೂರ್‌ಬೆರ್ದಿ ಹಗ್ಗ ಕಿತ್ತುಕೊಂಡ. ತಾನೇ ಮೊದಲು ಹತ್ತಿ, "ಬಾ ಮಗನೇ," ಎಂದ. ಕುದುರೆ ಒಂದೇ ನೆಗೆತಕ್ಕೆ ಅವನ ಪಕ್ಕಕ್ಕೆ ಬಂದು ನಿಂತಿತು.

"ಸಾಕು ಅಣ್ಣ, ಇನ್ನು ಇಳೀರಿ," ಎಂದು ಯಾರೋ ಕೆಳಗಿನಿಂದ ಕೂಗಿದರು.

ಅವನು ಬಾಗಿಲ ಕಡೆಗೆ ಸರಿದ. ಗುಯುನ್ ಕೂಡ ಅವನ ಹಿಂದೆಯೇ ಸರಿಯಿತು.