ತೆಳುಗಾಲಿನ ಎತ್ತು

ಇಜೇರಿಯ ಗುರಣ್ಣನಿಗೆ ಗೊತ್ತಿಲ್ಲದ್ದು ಈ ಲೋಕದಲ್ಲಿ ಏನೂ ಇಲ್ಲ ಎಂದು ಇಬ್ಬರು ನಂಬಿದ್ದರು. ಒಬ್ಬ ಸ್ವತಃ ಗುರಣ್ಣ. ಇನ್ನೊಬ್ಬಳು ಅವನ ಮೊಮ್ಮಗಳು ಸೃಷ್ಟಿ, ಮೂರನೇ ಇಯತ್ತೆ. ಉಳಿದ ಊರಿಗೆಲ್ಲ ಜರಾ ಅನುಮಾನವಿತ್ತು. ಆದರೆ ಗುರಣ್ಣನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿದ್ದರಿಂದ ಯಾರೂ ಅದನ್ನು ಅವನೆದುರು ಬಾಯಿಬಿಟ್ಟು ಹೇಳುವ ಉಸಾಬರಿಗೆ ಹೋಗುತ್ತಿರಲಿಲ್ಲ.

ಎತ್ತಿನ ವಿಷಯದಲ್ಲಿ ಮಾತ್ರ, ಸುಳ್ಳೇಕೆ ಹೇಳಬೇಕು, ಅವನ ಮಾತು ಖರೆ. ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ, ನಡಿಗೆ ನೋಡಿ ಗುಣ ಹೇಳುತ್ತಿದ್ದ. ಮನೆಗೆ ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೂ ದನದ ಸಂತೆಗೆ ಹೋಗಿ ಕಂಡವರ ಎತ್ತಿನ ಬಗ್ಗೆಯೆಲ್ಲ ಕೇಳದೆಯೇ ಅಭಿಪ್ರಾಯ ಕೊಟ್ಟು ಬರುತ್ತಿದ್ದ.

ಮಣ್ಣೆತ್ತಿನ ಅಮಾವಾಸ್ಯೆಗೆ ಕರಿಮಣ್ಣಿನ ಜೋಡೆತ್ತು ಮಾಡಿ ದೇವರ ಜಗಲಿಯ ಮೇಲಿಟ್ಟು ಪೂಜಿಸುವುದು ಆ ಸೀಮೆಯ ಪದ್ಧತಿ. ಈಗೀಗ ಎಲ್ಲರೂ ಪೇಟೆಯಿಂದ ತರುತ್ತಾರೆ. ಗುರಣ್ಣನ ಮನೆಯಲ್ಲಿ ಮಾತ್ರ ಅವನ ಹೆಂಡತಿ ಸುಭದ್ರಾಬಾಯಿ ಕೈಯಾರೆ ಮಾಡುತ್ತಿದ್ದಳು. ಅವಳ ಎತ್ತುಗಳಿಗೆ ಕಾಲು ದಪ್ಪ, ಬಲು ದಪ್ಪ. ಮದುವೆಯಾದಂದಿನಿಂದ ಗುರಣ್ಣ ಪ್ರತಿ ಹಬ್ಬಕ್ಕೂ ಅದೊಂದು ಮಾತು ಆಡದೆ ಬಿಟ್ಟವನಲ್ಲ.

"ಇವೇನು ಎತ್ತೋ, ನಾಕು ಒನಕಿ ಮ್ಯಾಲ ಇಟ್ಟ ಕುಂಬಳಕಾಯೋ?"

ಸುಭದ್ರಾಬಾಯಿ ಕೈ ತೊಳೆದುಕೊಂಡು ಹೋಳಿಗೆಯ ಹೂರಣ ನೋಡಲು ಒಳಗೆ ಹೋಗುತ್ತಿದ್ದಳು.

ಈ ವರ್ಷ ಅವಳೇ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಅಫಜಲಪುರಕ್ಕೆ ಹೋಗಿದ್ದಳು. ಅದೇ ಹೊತ್ತಿಗೆ ಸರಿಯಾಗಿ ಶಾಲೆಯ ಸುವರ್ಣಾ ಟೀಚರ್ ಮಕ್ಕಳಿಗೊಂದು ಕೆಲಸ ಹಚ್ಚಿದರು. ಪ್ರತಿಯೊಬ್ಬರೂ ಮನೆಯಲ್ಲಿ ಹಿರಿಯರ ಜೊತೆ ಕೂತು ಮಣ್ಣೆತ್ತು ಮಾಡಬೇಕು. ಹಬ್ಬ ಮುಗಿದ ಮೇಲಿನ ಶನಿವಾರ ಅದನ್ನು ಶಾಲೆಗೆ ತಂದು, ಹೇಗೆ ಮಾಡಿದೆವು ಎಂದು ಎಲ್ಲರೆದುರು ಹೇಳಬೇಕು. ಕಲಿಸಿದ ಹಿರಿಯರೂ ಬರಬೇಕು.

ಸೃಷ್ಟಿ ಚೀಲ ಬಿಸಾಡಿ ನೇರ ಮನೆ ಮುಂದಿನ ಕಟ್ಟೆಗೆ ಓಡಿ ಬಂದಳು. ಕಟ್ಟೆಯ ಮೇಲೆ ಗುರಣ್ಣನ ಜೊತೆ ನೆರೆಮನೆಯ ಮಾಳಿಂಗಪ್ಪನೂ ಕೂತಿದ್ದ.

"ಮುತ್ಯಾ, ನಿನಗ ಮಣ್ಣಿನ ಎತ್ತು ಮಾಡಾಕ ಬರ್ತದೇನ?"

ಗುರಣ್ಣ ಹುಟ್ಟಿದಾಗಿನಿಂದ ಒಂದು ಎತ್ತನ್ನೂ ಮಾಡಿದವನಲ್ಲ. ಆದರೆ ಮೊಮ್ಮಗಳ ಆ ಕಣ್ಣು ನೋಡಿ "ಇಲ್ಲ" ಎನ್ನುವ ಮಾತು ಬಾಯಿಗೆ ಬರಲೇ ಇಲ್ಲ. ಅದರಲ್ಲೂ ಮಾಳಿಂಗಪ್ಪ ಪಕ್ಕದಲ್ಲೇ ಕೂತಿದ್ದಾನೆ.

"ಏನ್ ಕೇಳ್ತಿಯವ್ವಾ. ಎತ್ತಿನ ನಡುವನೇ ಬೆಳದಾಂವ ನಾನು. ಈ ಊರಾಗ ಯಾರೂ ಮಾಡಿರಬಾರದು, ಅಂಥಾ ಎತ್ತು ಮಾಡೂಣು."

"ಸುಮ್ಮ ಯಾಕ ಕೈ ಕೆಸರು ಮಾಡ್ಕೋತಿ ಗುರಣ್ಣ," ಎಂದ ಮಾಳಿಂಗಪ್ಪ. "ಜೇವರ್ಗಿ ಬಜಾರದಾಗ ಬಣ್ಣ ಹಚ್ಚಿದ್ದು ಸಿಗ್ತಾವ. ನಮ್ಮ ಮೊಮ್ಮಗಳು ಶೈಲಶ್ರೀಗ ತಂದಿಟ್ಟೇನಿ. ಮ್ಯಾಲ ನಾಕು ಹೊಳಿಯೋ ಟಿಕಳಿ ಹಚ್ಚಿದ್ರ ಆಕಿ ಮಾಡಿದ್ದೇ ಆತು."

"ನಮ್ಮ ಮನ್ಯಾಗ ಅಂಥಾ ಮೋಸದ ಕೆಲಸ ನಡಿಯಂಗಿಲ್ಲ," ಎಂದು ಗುರಣ್ಣ ಮೀಸೆ ತಿರುವಿದ.

ಮೀಸೆ ತಿರುವಿದ್ದೇನೋ ಆಯಿತು. ಮರುದಿನ ಬೆಳಿಗ್ಗೆ ಜೋಳದ ಕಣಿಕೆಯ ಬಣಿವೆಯ ಹಿಂದೆ ನಿಂತು ಹೆಂಡತಿಗೆ ಫೋನು ಹಚ್ಚಿದ.

"ಹಲೋ. ಕೂಸು ಹ್ಯಾಂಗದ?"

"ಚಂದ ಅದ. ಎಣ್ಣಿ ಹಚ್ಚಾಕತ್ತೇನಿ, ಲಗೂ ಹೇಳ್ರಿ."

"ಏನಿಲ್ಲ. ಈ ಮಾಳಿಂಗಪ್ಪ ಕೇಳಾಕತ್ತಾನ. ಎತ್ತು ಮಾಡಾಕ ಮಣ್ಣು ಹ್ಯಾಂಗ ಹದಾ ಮಾಡ್ತಾರ ಅಂತ."

"ಮಾಳಿಂಗಪ್ಪಗ ಹೇಳ್ರಿ, ಹಳ್ಳದ ದಂಡಿ ಕರಿಮಣ್ಣು ತಂದು, ಕಲ್ಲು ಹಳ್ಳು ಆರಿಸಿ, ಜರಾ ಹತ್ತಿ ಹಿಂಜಿ ಹಾಕಿ, ರೊಟ್ಟಿ ಹಿಟ್ಟಿನಂಗ ನಾದಬೇಕು ಅಂತ."

"ರೊಟ್ಟಿ ಹಿಟ್ಟು ಹ್ಯಾಂಗ ನಾದ್ತಾರ?"

"ಅದನ್ನೂ ಮಾಳಿಂಗಪ್ಪನೇ ಕೇಳಾಕತ್ತಾನೇನ್ರಿ?" ಎಂದಳು ಸುಭದ್ರಾಬಾಯಿ. "ಇರಲಿ. ಇನ್ನ ಕಾಲು ಮಾಡುವಾಗ ನೋಡ್ರಿ..."

ಅಷ್ಟರಲ್ಲಿ ಬಣಿವೆಯ ಆಚೆಯಿಂದ "ಮುತ್ಯಾ" ಎಂದು ಸೃಷ್ಟಿಯ ದನಿ ಕೇಳಿತು. ಗುರಣ್ಣ ಫೋನು ಕತ್ತರಿಸಿ ಅಂಗಿಯ ಜೇಬಿಗೆ ಇಳಿಬಿಟ್ಟ. ಕಾಲಿನ ಮಾತು ಅಫಜಲಪುರದಲ್ಲೇ ಉಳಿಯಿತು.

ಸಂಜೆ ಅಂಗಳದಲ್ಲಿ ಸೊಸೆ ವಿದ್ಯಾವತಿ ಹಳೆಯ ಗೋಣಿತಟ್ಟು ಹಾಸಿಕೊಟ್ಟಳು. ಮುತ್ಯಾ ಮತ್ತು ಮೊಮ್ಮಗಳು ಎದುರುಬದುರು ಕೂತರು, ನಡುವೆ ಒಂದು ಗುಡ್ಡೆ ಮಣ್ಣು. ಗುರಣ್ಣ ಎರಡೂ ಮುಷ್ಟಿ ಕಟ್ಟಿ ಗುದ್ದಿದ. ಮಣ್ಣು ಅವನ ಮೀಸೆಗೆ ಹಾರಿತು.

"ಮುತ್ಯಾ, ಹಿಂಗ ಅಂಗೈ ಬುಡದಿಂದ ಒತ್ತಿ, ಮಡಚಿ, ಮತ್ತ ಒತ್ತಬೇಕೇನ?" ಎಂದು ಸೃಷ್ಟಿ ಕೇಳಿದಳು. ಆಯಿ ಸುಭದ್ರಾಬಾಯಿಯ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುವುದನ್ನು ದಿನಾ ನೋಡಿದ ಹುಡುಗಿ.

"ಹಾಂ. ಅದನ್ನೇ ಹೇಳಬೇಕಂತಿದ್ದೆ," ಎಂದ ಗುರಣ್ಣ.

ಮಣ್ಣು ಹದಕ್ಕೆ ಬಂತು. ಗುರಣ್ಣ ನಾಲಗೆ ಹೊರಗೆ ಚಾಚಿಕೊಂಡು, ಉಸಿರು ಬಿಗಿಹಿಡಿದು ಮೊದಲ ಎತ್ತು ಮಾಡಿದ. ಮಾಡಿ ಮುಗಿಸಿ ದೂರ ಹಿಡಿದು ನೋಡಿದರೆ ಅದು ಸಾಕ್ಷಾತ್ ನಾಯಿ. ಬಾಲ ಸಹ ಮೇಲಕ್ಕೆ ಡೊಂಕಾಗಿತ್ತು. ವಿದ್ಯಾವತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಸೃಷ್ಟಿ ನಗಲಿಲ್ಲ. ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದಳು. "ಮುತ್ಯಾ, ಮೊದಲ ಖರೇ ಎತ್ತು ನೋಡಿಕೊಂಡು ಬಂದು ಮಾಡಬೇಕೇನ?"

"ಅದನ್ನೇ ಹೇಳಬೇಕಂತಿದ್ದೆ."

ಹಾಗಾಗಿ ಮರುದಿನ ಇಬ್ಬರೂ ಮಾಳಿಂಗಪ್ಪನ ಕೊಟ್ಟಿಗೆಗೆ ಹೋದರು. ಊರಲ್ಲಿ ಎತ್ತು ಉಳಿಸಿಕೊಂಡ ಕೆಲವರಲ್ಲಿ ಅವನೊಬ್ಬ. ಕೊಟ್ಟಿಗೆಯ ಹೊಸ್ತಿಲು ದಾಟಿದ್ದೇ ತಡ, ಗುರಣ್ಣನ ಎದೆ ಉಬ್ಬಿತು. ಇದು ಅವನ ರಾಜ್ಯ. ಸೃಷ್ಟಿಯ ಕೈ ಹಿಡಿದು ಎತ್ತಿನ ಡುಬ್ಬದ ಮೇಲೆ ಇಟ್ಟ. ಕೊರಳಡಿಯ ಗಂಗೆದೊಗಲು ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆ, ಕೊಂಬು ಹಣೆಯಿಂದ ಹೇಗೆ ಏಳುತ್ತದೆ, ನಡೆಯುವಾಗ ಯಾವ ಕಾಲು ಮೊದಲು ಎತ್ತುತ್ತದೆ, ಎಲ್ಲ ತೋರಿಸಿದ. ಹುಡುಗಿ ಮುಟ್ಟಿ ಮುಟ್ಟಿ ನೋಡಿದಳು. ಎತ್ತಿನ ಮೂಗು ತಣ್ಣಗಿದೆ ಎಂದು ಕಿಲಕಿಲ ನಕ್ಕಳು. ಕಡ್ಡಿಯಿಂದ ನೆಲದ ಮೇಲೆ ಎತ್ತಿನ ಬೆನ್ನು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಶೈಲಶ್ರೀಯೂ ಟಿಕಳಿ ಹಚ್ಚುವುದು ಬಿಟ್ಟು ಬಂದು ಪಕ್ಕದಲ್ಲಿ ಕೂತು ಬರೆಯತೊಡಗಿದಳು. ಅಷ್ಟು ಖುಷಿಯ ಮಧ್ಯಾಹ್ನವನ್ನು ಗುರಣ್ಣ ಬಹಳ ವರ್ಷದಿಂದ ಕಂಡಿರಲಿಲ್ಲ.

ಆಮೇಲೆ ಮಾಡಿದ ಎತ್ತು, ಹೌದಪ್ಪ, ಎತ್ತೇ ಆಗಿತ್ತು. ಡುಬ್ಬ, ಕೊಂಬು, ಬಾಲ, ಎಲ್ಲ ಬರಾಬರಿ. ಗುರಣ್ಣನಿಗೆ ತನ್ನ ಕೈಗೆ ತಾನೇ ಮುತ್ತಿಡುವಷ್ಟು ಸಂತೋಷವಾಯಿತು. ಇನ್ನು ಕಾಲು. ಖರೇ ಎತ್ತಿನ ಕಾಲು ತೆಳ್ಳಗಿರುತ್ತದೆ, ಇದಕ್ಕೂ ತೆಳ್ಳಗೇ ಮಾಡಿದ. ಅಷ್ಟಕ್ಕೆ ಬಿಡದೆ, ನಡೆಯುತ್ತಿರುವ ಠೀವಿ ಬರಲೆಂದು ಮುಂದಿನ ಒಂದು ಕಾಲನ್ನು ಎತ್ತಿ ಮಡಚಿದ.

"ಮುತ್ಯಾ, ಕಾಲು ಜರಾ ದಪ್ಪ ಇರಬೇಕೇನ?"

ಈ ಸಲ ಮಾತ್ರ ಗುರಣ್ಣ ಒಪ್ಪಲಿಲ್ಲ. "ನಿಮ್ಮ ಆಯಿ ಮಾಡಿದಂಗ ಒನಕಿ ಕಾಲು ನಾ ಮಾಡಾಂವ ಅಲ್ಲ. ಇದು ಖರೇ ಎತ್ತು."

ಸೃಷ್ಟಿ ತಾನು ಪಕ್ಕದಲ್ಲಿ ಮಾಡುತ್ತಿದ್ದ ಇನ್ನೊಂದು ಎತ್ತಿಗೆ ತನ್ನ ಹೆಬ್ಬೆರಳಿನಷ್ಟು ದಪ್ಪ ಕಾಲು ಹಚ್ಚಿದಳು. ಎರಡನ್ನೂ ನೆರಳಲ್ಲಿ ಒಣಗಲು ಇಟ್ಟರು.

ಅಮಾವಾಸ್ಯೆಯ ಬೆಳಿಗ್ಗೆ ಗುರಣ್ಣ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ತನ್ನ ಎತ್ತನ್ನು ಎರಡು ಕೈಯಲ್ಲಿ ಎತ್ತಿಕೊಂಡು ಜಗಲಿಯ ಮೇಲೆ ಸೃಷ್ಟಿಯ ಎತ್ತಿನ ಪಕ್ಕ ಇಟ್ಟ. ಇಟ್ಟು ಕೈ ಬಿಟ್ಟ. ಪಟ್ಟನೆ ಸದ್ದಾಯಿತು. ಭಾರ ಹೊತ್ತಿದ್ದ ಮುಂಗಾಲು ಮುರಿದು ಎತ್ತು ಮೂತಿ ಊರಿ ಬಿತ್ತು.

ಪೂಜೆಯ ಚಿಂತೆಗಿಂತ ಮೊದಲು ಶಾಲೆಯ ಶನಿವಾರ ಗುರಣ್ಣನ ಕಣ್ಣ ಮುಂದೆ ಬಂತು. ಮಾಳಿಂಗಪ್ಪನ ಮೊಮ್ಮಗಳ ಥಳಥಳ ಎತ್ತಿನ ಪಕ್ಕದಲ್ಲಿ, ತನ್ನ ಸೃಷ್ಟಿ ಒಂದು ಕುಂಟ ಎತ್ತು ಹಿಡಿದುಕೊಂಡು ನಿಂತಿದ್ದಾಳೆ. ಮುತ್ಯಾಗೆ ಎಲ್ಲ ಗೊತ್ತು ಎಂದು ನಂಬಿದ ಮಗು. ಇನ್ನು ಮೇಲೆ ಆ ಕಣ್ಣಿನಿಂದ ತನ್ನನ್ನು ನೋಡುತ್ತಾಳೆಯೇ?

"ಜಗಲಿ ಮ್ಯಾಲ ಜೋಡಿ ಬೇಕಲ್ರಿ ಮಾವಾರ," ಎಂದು ವಿದ್ಯಾವತಿ ಮೆಲ್ಲಗೆ ಅಂದಳು.

ಸೃಷ್ಟಿ ಅಡುಗೆಮನೆಗೆ ಓಡಿ ಒಂದು ಬೆಲ್ಲದ ತುಂಡು ತಂದು ಎತ್ತಿನ ಎದೆಯ ಕೆಳಗೆ ಇಟ್ಟಳು. ಎತ್ತು ನಿಂತಿತು. ಪೂಜೆ ಆಯಿತು. ಹೋಳಿಗೆ ತಿನ್ನಲು ಬಂದ ಮಾಳಿಂಗಪ್ಪ ಜಗಲಿಯತ್ತ ಬಗ್ಗಿ ನೋಡಿ, "ಗುರಣ್ಣ, ನಿನ್ನ ಎತ್ತಿಗೆ ಒಂದು ಕಾಲು ಬೆಲ್ಲದ್ದೇನು?" ಎಂದ. ಗುರಣ್ಣ ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಹಾಕಿ ಎದ್ದ.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಗಲಾಟೆ. ನೋಡಿದರೆ ಓಣಿಯ ಮಕ್ಕಳೆಲ್ಲ ನೆರೆದಿದ್ದಾರೆ, ಮುಂದೆ ಶೈಲಶ್ರೀ. ಅಮಾವಾಸ್ಯೆಯ ಮರುದಿನ ಮಕ್ಕಳು ಕಾಲು ಮುರಿದ ಕುಂಟೆತ್ತು ಹೊತ್ತು ಮನೆಮನೆಗೆ ಹೋಗಿ, ಪಾಪದ ಎತ್ತಿಗೆ ಕಾಳು ಹಾಕ್ರಿ ಎಂದು ಬೇಡಿ, ಬಂದ ಕಾಳಿನಲ್ಲಿ ಅಡುಗೆ ಮಾಡಿಸಿ ತಿನ್ನುವ ರೂಢಿ. ಆದರೆ ಈ ವರ್ಷ ಎಲ್ಲರ ಮನೆಯಲ್ಲೂ ಪೇಟೆಯ ಎತ್ತು. ಬಣ್ಣದ ಎತ್ತಿನ ಕಾಲು ಮುರಿಯಲು ಯಾವ ತಾಯಿಯೂ ಬಿಟ್ಟಿರಲಿಲ್ಲ.

"ಸೃಷ್ಟಿ, ಓಣ್ಯಾಗ ಕುಂಟೆತ್ತು ಇರೋದು ನಿಮ್ಮ ಮನ್ಯಾಗ ಒಂದೇ," ಎಂದಳು ಶೈಲಶ್ರೀ. "ತಗೊಂಡು ಬಾ, ನೀನೇ ಮುಂದ."

ಮಣೆಯ ಮೇಲೆ ಕುಂಟೆತ್ತು ಕೂತಿತು, ಕೊಂಬಿಗೆ ಸೇವಂತಿಗೆ ಹೂವು ಬಂತು, ಮೆರವಣಿಗೆ ಹೊರಟಿತು. ಹೆಂಗಸರು ಹೊರಗೆ ಬಂದು ಎತ್ತನ್ನು ನೋಡಿ, "ಅಯ್ಯ ಎಷ್ಟು ಚಂದ ಅದ, ಜೀವ ಬಂದಂಗ ಅದ," ಎಂದು ಮೊರ ತುಂಬ ಜೋಳ ಹಾಕಿದರು. ಮಕ್ಕಳ ಹಿಂದೆ ಗುರಣ್ಣನೂ ತಲೆಗೆ ಪಟಗ ಸುತ್ತಿಕೊಂಡು ಹೊರಟ. ಅವನ ಮೀಸೆಗೆ ಮತ್ತೆ ಜೀವ ಬಂದಿತ್ತು. "ಬೇಕಂತಲೇ ಕಾಲು ತೆಳ್ಳಗ ಮಾಡೇನಿ," ಎಂದು ಸಿಕ್ಕವರಿಗೆಲ್ಲ ಹೇಳಿದ. "ಮುರಿದ್ರನೇ ಅಲ್ಲೇನ್ರಿ ಕುಂಟೆತ್ತು ಆಗೋದು?" ವಿದ್ಯಾವತಿ ಮಾಡಿದ ಜೋಳದ ನುಚ್ಚನ್ನು ಮಕ್ಕಳು ಬೇವಿನ ಮರದ ಕೆಳಗೆ ಬೆಲ್ಲ ಕಲಸಿಕೊಂಡು ಹೊಟ್ಟೆ ಬಿರಿಯುವಂತೆ ತಿಂದರು. ಎತ್ತಿನ ಕಾಲಾಗಿದ್ದ ಬೆಲ್ಲವೂ ಅದರಲ್ಲೇ ಖರ್ಚಾಯಿತು.

ಶನಿವಾರ ಶಾಲೆಯ ಪಡಸಾಲೆಯಲ್ಲಿ ಹಿರಿಯರಿಗೆ ಕುರ್ಚಿ ಹಾಕಿದ್ದರು. ಗುರಣ್ಣ ಇಸ್ತ್ರಿಯ ಧೋತರ ಉಟ್ಟು ಮುಂದಿನ ಸಾಲಿನಲ್ಲೇ ಕೂತ. ಪಕ್ಕದಲ್ಲಿ ಮಾಳಿಂಗಪ್ಪ. ಸೃಷ್ಟಿಯ ಸರದಿ ಬಂತು. ಒಂದು ಕೈಯಲ್ಲಿ ದಪ್ಪಗಾಲಿನ ಎತ್ತು, ಇನ್ನೊಂದರಲ್ಲಿ ಕುಂಟೆತ್ತು.

"ಇದು ಹ್ಯಾಂಗ ಮಾಡಿದಿ? ಯಾರು ಕಲಿಸಿದ್ರು?" ಎಂದು ಸುವರ್ಣಾ ಟೀಚರ್ ಕೇಳಿದರು. ಗುರಣ್ಣ ಕುರ್ಚಿಯಲ್ಲಿ ನೆಟ್ಟಗಾದ.

"ಯಾರೂ ಕಲಿಸಿಲ್ರಿ ಟೀಚರ್," ಎಂದಳು ಸೃಷ್ಟಿ. "ನಮ್ಮ ಮುತ್ಯಾಗ ಎತ್ತು ಮಾಡಾಕ ಬರಂಗಿಲ್ರಿ."

ಪಡಸಾಲೆ ಘೊಳ್ಳೆಂದು ನಕ್ಕಿತು. ಮಾಳಿಂಗಪ್ಪ ತೊಡೆ ತಟ್ಟಿಕೊಂಡ. ಗುರಣ್ಣನ ಕಿವಿ ಬಿಸಿಯಾಯಿತು.

"ಬರಂಗಿಲ್ಲ ಅಂತ ನಿನಗ ಯಾವಾಗ ಗೊತ್ತಾತು?"

"ಮೊದಲನೇ ದಿನಾನೇ ರೀ. ಮಣ್ಣಿಗೆ ಗುದ್ದಿದ ನೋಡ್ರಿ, ಆವಾಗ."

"ಮತ್ತ ನೀ ಯಾಕ ಹೇಳಲಿಲ್ಲ?"

ಸೃಷ್ಟಿ ಕೈಯಲ್ಲಿದ್ದ ಕುಂಟೆತ್ತನ್ನು ನೋಡಿದಳು, ಆಮೇಲೆ ಮುತ್ಯಾನನ್ನು ನೋಡಿದಳು. ಅದೇ ಕಣ್ಣು. ಒಂದಿಷ್ಟೂ ಬದಲಾಗಿರಲಿಲ್ಲ.

"ಹೇಳಿದ್ರ ಎದ್ದು ಹೋಗ್ತಿದ್ದ ರೀ. ಬರದಿದ್ರೂ ನನ್ನ ಸಲುವಾಗಿ ಕುಂತಿದ್ದ. ದಿನಾ ಸಂಜೀಕ ಹಂಗೇ ಕುಂಡ್ರಲಿ ಅಂತ ನನಗ ಅನಿಸ್ತು."

ತೊಡೆ ತಟ್ಟಿಕೊಂಡಿದ್ದ ಮಾಳಿಂಗಪ್ಪ ಬೇರೆ ಕಡೆ ನೋಡಿದ. ಗುರಣ್ಣ ಪಟಗದ ಸೆರಗಿನಿಂದ ಕಣ್ಣು ಒರೆಸಿಕೊಂಡ. ಊರೆಲ್ಲ ನೋಡುತ್ತಿದೆ ಎಂಬುದು ಅವನಿಗೆ ಆ ಹೊತ್ತಿನಲ್ಲಿ ನೆನಪೇ ಆಗಲಿಲ್ಲ.

ಮನೆಗೆ ಬರುವಾಗ ಹಳ್ಳದ ದಂಡೆಯಲ್ಲಿ ಅವನ ಹೆಜ್ಜೆ ನಿಂತಿತು. ಇಸ್ತ್ರಿಯ ಧೋತರವನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ಕೆಸರಿಗೆ ಇಳಿದು, ಒಂದು ಮುದ್ದೆ ಕರಿಮಣ್ಣು ತೆಗೆದುಕೊಂಡು ಬಂದು ಮೊಮ್ಮಗಳ ಎದುರು ಕುಕ್ಕರುಗಾಲಲ್ಲಿ ಕೂತ.

"ಸೃಷ್ಟಿ, ನನಗ ಕಾಲು ಮಾಡಾಕ ಬರಂಗಿಲ್ಲವ್ವಾ. ಹೇಳಿಕೊಡು."

ಸೃಷ್ಟಿ ಎರಡೂ ಎತ್ತನ್ನು ಹುಲ್ಲಿನ ಮೇಲೆ ಇಟ್ಟು, ತೋಳು ಮಡಚಿಕೊಂಡಳು.

"ಹಾಂ. ಅದನ್ನೇ ಹೇಳಬೇಕಂತಿದ್ದೆ," ಎಂದಳು.