ಬಾರದವರ ಹೆಸರು

ಭದ್ರಾವತಿಯ ನ್ಯೂ ಟೌನಿನಲ್ಲಿ ಶಿಶುವಿಹಾರ ತೆರೆದ ಹೊಸತರಲ್ಲಿ ನಡೆದದ್ದು ಇದು. ಕಾರ್ಖಾನೆಯ ವಸತಿಸಾಲಿನ ಹೆಂಗಸರ ಬಾಯಲ್ಲಿ ಬಹುಕಾಲ ಉಳಿದುಬಂದ ಸಂಗತಿ.

ಖಾಜಾಬೀಗೆ ಒಬ್ಬನೇ ಮಗ, ಲಾರಿ ಓಡಿಸುವ ಖಲಂದರ್. ಅವನ ಪುಟ್ಟ ಮಗಳು ಫಿರೋಜಾ ತಟ್ಟೆ ನೆಲ ಮುಟ್ಟುವ ಮೊದಲೇ ಕೈಹಾಕುವಳು, ತಡೆದರೆ ಕಚ್ಚುವಳು. ಸೊಸೆ ಸಲೀಮಾ ಮಗುವನ್ನು ಶಿಶುವಿಹಾರಕ್ಕೆ ಸೇರಿಸಿದಾಗ ಖಾಜಾಬೀ ಮೂಗು ಮುರಿದಳು.

“ಸುಮ್ನೆ ಕೂರೋದನ್ನ ಕಲಿಸೋಕೂ ಒಂದು ಸ್ಕೂಲಾ ಮಾರಾಯ್ತಿ? ನನ್ನ ಮಗ ಯಾವ ಸ್ಕೂಲಲ್ಲಿ ಕಲಿತ?”

“ಅವರೆಲ್ಲಿ ಕಲಿತ್ರು ಅತ್ತೆ? ಇವತ್ತಿಗೂ ಅನ್ನ ಇಳಿಸೋ ಮೊದ್ಲೇ ಮುಚ್ಚಳ ತೆಗೀತಾರೆ.”

ಅತ್ತೆಗೂ ನಗು ತಡೆಯಲಿಲ್ಲ.

ಶಿಶುವಿಹಾರದ ವಿಶಾಲಮ್ಮ ಟೀಚರದ್ದು ಒಂದು ಕಟ್ಟಳೆ. ಹುರಿಗಡಲೆ, ಬೆಲ್ಲ ಹಂಚಿದ ಮೇಲೆ ಎಲ್ಲರ ಹೆಸರು ಕರೆಯಬೇಕು. ಬರುವವರಿದ್ದರೆ ಕಾಯಬೇಕು. ಬಾರದವರಿದ್ದರೆ ಎಲ್ಲರೂ ಒಟ್ಟಾಗಿ “ಇವತ್ತು ಬರೋದಿಲ್ಲ” ಎನ್ನಬೇಕು, ಆಮೇಲೆಯೇ ಬಾಯಿಗೆ. ಮೊದಮೊದಲು ಫಿರೋಜಾ ಅತ್ತಳು, ಕದ್ದು ಮುಕ್ಕಿದಳು. ಬರಬರುತ್ತ ಬೆಲ್ಲ ಮುಷ್ಟಿಯಲ್ಲಿ ಕರಗಿ ಅಂಟಿದರೂ ಕಾಯುವುದನ್ನು ಕಲಿತಳು. ಮನೆಯಲ್ಲೂ ಉಣ್ಣುವ ಮುನ್ನ ಹೆಸರು ಕರೆಯತೊಡಗಿದಳು: ದಾದಿಮಾ, ಅಬ್ಬಾ, ಅಮ್ಮೀ. ಖಾಜಾಬೀ ಗೊಣಗುತ್ತಲೇ “ಇದ್ದೀನಿ” ಎನ್ನುವಳು.

ಎರಡನೆಯ ಹೆರಿಗೆಗೆ ಸಲೀಮಾ ಶಿವಮೊಗ್ಗೆಯ ಆಲ್ಕೊಳದ ತವರಿಗೆ ಹೋದಳು. ಶಿಶುವಿಹಾರ ತಪ್ಪಬಾರದೆಂದು ಮಗಳನ್ನು ಅತ್ತೆಯ ಬಳಿಯೇ ಬಿಟ್ಟಿದ್ದಳು. ಅವಳ ಹೆಸರು ಬಂದಾಗಲೆಲ್ಲ ಖಾಜಾಬೀ ಮಗನ ಜೊತೆ ಸೇರಿ ಹಗುರವಾಗಿ “ಇವತ್ತು ಬರೋದಿಲ್ಲ” ಎನ್ನುತ್ತಿದ್ದಳು; ಅಜ್ಜಿ, ಅಪ್ಪ, ಮಗು ಉಣ್ಣುತ್ತಿದ್ದರು.

ತವರಿನಲ್ಲಿ ಕೂಸೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ. ಮಣ್ಣೂ ಅಲ್ಲೇ ಆಯಿತು. ಖಲಂದರ್ ಒಬ್ಬನೇ ಮರಳಿ ಬಂದ. ಅಮ್ಮೀ ಎಲ್ಲಿ ಎಂದು ಮಗು ಕೇಳಿದಾಗ, ಅಷ್ಟು ದಿನ ಸಲೀಸಾಗಿ ಆಡಿದ ಮಾತು ಖಾಜಾಬೀಯ ಬಾಯಿಗೆ ಬರಲಿಲ್ಲ. ಬರ್ತಾಳೆ ಎಂದುಬಿಟ್ಟಳು.

ಒಲೆ ಹೊತ್ತದ ಮನೆಗೆ ನೆರೆಯವರು ಅನ್ನ, ಸಾರು ಕಳಿಸಿದರು. ಫಿರೋಜಾ ಹೆಸರು ಕರೆದು, ತಟ್ಟೆಯ ಮುಂದೆ ಕೈಕಟ್ಟಿ ಕುಳಿತಳು. ಎಂಥ ತಾಳ್ಮೆಯ ಮಗು, ಶಿಶುವಿಹಾರದ ಗುಣ ಎಂದು ಬಂದ ಹೆಂಗಸರು ಮೆಚ್ಚಿದರು. ಮರುದಿನವೂ ಅವಳು ಉಣ್ಣಲಿಲ್ಲ. ಗದರಿದರು, ರಮಿಸಿದರು, ಬೆಲ್ಲ ತೋರಿಸಿದರು. ತುಟಿ ಒಣಗಿತ್ತು, ಕಣ್ಣು ಬೆಲ್ಲದ ಮೇಲೇ ಇತ್ತು. ಕೈ ಮಾತ್ರ ಮಡಿಲು ಬಿಟ್ಟೇಳಲಿಲ್ಲ. ಹಿಂದೆ ಕಿತ್ತು ತಿನ್ನುತ್ತಿದ್ದ ಆ ಕೈಗಾಗಿ ಖಾಜಾಬೀಯ ಜೀವ ಹಂಬಲಿಸಿತು.

“ಉಣ್ಣು ಕಂದಾ. ಅಮ್ಮೀ ಆಮೇಲೆ ತಿಂತಾಳೆ.”

“ಬರ್ತಾಳೆ ಅಂದ್ಮೇಲೆ ಕಾಯ್ಬೇಕು ದಾದಿಮಾ. ಬರಲ್ಲ ಅಂದ್ರೆ ಮಾತ್ರ ತಿನ್ಬಹುದು.”

ಮಗುವನ್ನು ಹಸಿವಿನಲ್ಲಿ ಕಟ್ಟಿಹಾಕಿದ್ದು ತನ್ನದೇ ಸುಳ್ಳೆಂದು ಖಾಜಾಬೀಗೆ ಆಗ ಹೊಳೆಯಿತು. ತನಗೂ ಒಂದು ತಟ್ಟೆ ಇಟ್ಟುಕೊಂಡು ಎದುರಿಗೆ ಕುಳಿತು, ಇನ್ನೊಮ್ಮೆ ಕರೆ ಎಂದಳು.

ಮಗು ದಾದಿಮಾ ಎಂದಿತು; ಅವಳು ಓಗೊಟ್ಟಳು. ಅಬ್ಬಾ ಎಂದಿತು, ಹೊಸ್ತಿಲಲ್ಲಿದ್ದ ಖಲಂದರ್ ಓಗೊಟ್ಟ. ಅಮ್ಮೀ ಎಂದಿತು.

“ಬರೋದಿಲ್ಲ,” ಎಂದಳು ಖಾಜಾಬೀ.

“ಒಬ್ಬರೇ ಹೇಳಿದ್ರೆ ಆಗಲ್ಲ. ಎಲ್ಲಾರೂ ಹೇಳ್ಬೇಕು.”

ಖಲಂದರ್ ಒಳಗೆ ಬಂದು ತಾಯಿಯ ಪಕ್ಕ ಕುಳಿತ. ತಾಯಿ ಮಗ ಒಟ್ಟಾಗಿ “ಬರೋದಿಲ್ಲ” ಎಂದರು.

ಫಿರೋಜಾ ಇಬ್ಬರ ಮುಖವನ್ನೂ ನೋಡಿದಳು.

“‘ಇವತ್ತು’ ಅನ್ನೋದು ಬಿಟ್ಟುಬಿಟ್ರಿ ದಾದಿಮಾ.”

“ಹೌದು ಕಂದಾ. ಬಿಟ್ವಿ.”

ಮಗು ತಣ್ಣಗಾದ ಅನ್ನದಲ್ಲಿ ಒಂದು ತುತ್ತು ಕಲಸಿ, ಅಜ್ಜಿಯ ತಟ್ಟೆಯನ್ನು ಅವಳತ್ತ ಮೆಲ್ಲನೆ ದೂಡಿತು.

“ಈಗ ತಿನ್ಬಹುದು,” ಎಂದಿತು.