ದೃಷ್ಟಿ ಬೀಳದ ಹುಡುಗಿ

1

ಈ ಕಥೆಯನ್ನು ಕನ್ನಡಿಯಿಂದ ಶುರುಮಾಡಬಹುದೇ? ಹುಡುಗಿಯೊಬ್ಬಳು ಕನ್ನಡಿ ಮುಂದೆ ನಿಂತಳು ಎಂದು ಬರೆದ ಕೂಡಲೇ ನೀವು ಪುಟ ತಿರುವುತ್ತೀರಿ, ಗೊತ್ತು. ಆದರೆ ಈ ಮನೆಯಲ್ಲಿ ಬೆಳಗಾಗುವುದೇ ಅಲ್ಲಿಂದ. ಕೆಂಗೇರಿ ಉಪನಗರದ ಬಾಡಿಗೆ ಮನೆ. ಬಾಗಿಲ ಪಕ್ಕ, ಆರು ವರ್ಷದ ಮಗುವಿನ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದ ಸಣ್ಣ ಕನ್ನಡಿ. ಅದರ ಮುಂದೆ ಕೀರ್ತನಾ. ಹಿಂದೆ ಬಾಚಣಿಗೆ ಹಿಡಿದ ಅವಳ ಅಮ್ಮ ಕಲಾವತಿ.

2

ಮೊದಲ ಡ್ರಾಫ್ಟಿನಲ್ಲಿ ಕೀರ್ತನಾಳನ್ನು ‘ಶ್ಯಾಮಲ ವರ್ಣದ ಬಾಲಕಿ’ ಎಂದು ಬರೆದಿದ್ದೆ. ಎರಡನೆಯದರಲ್ಲಿ ‘ಎಣ್ಣೆಗಪ್ಪು’. ಮೂರನೆಯದರಲ್ಲಿ ಬಣ್ಣವನ್ನೇ ಬಿಟ್ಟುಬಿಟ್ಟೆ, ನಾನು ಎಷ್ಟು ಸೂಕ್ಷ್ಮ ಮನಸ್ಸಿನವನು ಎಂದು ನಿಮಗೆ ತಿಳಿಯಲಿ ಅಂತ. ಕಲಾವತಿ ಜಡೆ ಹೆಣೆಯುತ್ತಲೇ ಅದನ್ನು ಓದಿದಳು.

“ಸಾರ್, ಕಪ್ಪು ಅಂತ್ಲೇ ಬರೀರಿ. ಕೂದಲು ಕಪ್ಪಾಗ್ಲಿ ಅಂತ ಎಲ್ರೂ ಎಣ್ಣೆ ಹಚ್ಕೊಳಲ್ವಾ?”

ಸರಿ. ಕಪ್ಪು. ಕಲಾವತಿ ಸಿದ್ದಿ ಜನಾಂಗದವಳು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದು ಹಳಿಯಾಳದ ಕಾಡು ಸೇರಿದವರ ವಂಶ. ನಾಯಂಡಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಬಸ್ ತಪ್ಪಿದ ದಿನ ಆಟೋದವರು ಅವಳನ್ನು ನೋಡಿ “ವೇರ್ ಗೋಯಿಂಗ್ ಮೇಡಂ?” ಎನ್ನುತ್ತಾರೆ. “ನಾಯಂಡಹಳ್ಳಿ. ಮೀಟರ್ ಹಾಕಿ ಅಣ್ಣ,” ಎಂದು ಅವಳು ಹತ್ತಿ ಕೂರುತ್ತಾಳೆ.

(ಇತಿಹಾಸ ಹೆಚ್ಚಾಯಿತೇನೋ. ಹುಡುಗಿ ಕಾಯುತ್ತಿದ್ದಾಳೆ.)

3

ಮೊಬೈಲಿನಲ್ಲಿ ಕಲಾವತಿ ಒಂದು ವಿಡಿಯೋ ನೋಡಿದ್ದಳು. ಅಮೆರಿಕದ ಕಪ್ಪು ಅಪ್ಪನೊಬ್ಬ ಪುಟ್ಟ ಮಗಳನ್ನು ಕನ್ನಡಿ ಎದುರು ನಿಲ್ಲಿಸಿ, ನಾನು ಗಟ್ಟಿ, ನಾನು ಸುಂದರ ಎಂದು ಹೇಳಿಸುತ್ತಿದ್ದ. ಪಾಸಿಟಿವ್ ಅಫರ್ಮೇಶನ್ ಅಂತೆ. ದಿನಾ ಹೇಳಿಸಿದರೆ ಮಗು ತನ್ನನ್ನು ತಾನು ಕಡಿಮೆ ಅಂದುಕೊಳ್ಳುವುದಿಲ್ಲವಂತೆ. ಕಲಾವತಿ ಅದನ್ನು ಜಡೆ ಹಾಕುವ ಹೊತ್ತಿಗೆ ಸೇರಿಸಿದಳು. ನಾನು ಜಾಣೆ. ನಂಗೆ ಧೈರ್ಯ ಇದೆ. ನಾನು ಚಂದ ಇದೀನಿ.

ಅವಳ ತಾಯಿ ಶಂಕ್ರವ್ವನಿಗೆ ಇದು ಹಿಡಿಸಲಿಲ್ಲ.

“ತನ್ನ ತಾನ ಹೊಗಳ್ಕೊಂಡ್ರ ಕೂಸಿಗೆ ದೃಷ್ಟಿ ಆಗ್ತದ. ಅಮೆರಿಕಾದಾಗ ಮೆಣಸಿನಕಾಯಿ ಸಿಗೂದಿಲ್ಲೇನ?”

ಕೊನೆಗೊಂದು ರಾಜಿಯಾಯಿತು. ಕೀರ್ತನಾ ಮೂರನೆಯ ವಾಕ್ಯ ಮುಗಿಸಿದ ಕೂಡಲೇ ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಥೂ ಥೂ ಎನ್ನುವುದು. ಮಗು ಇದರಿಂದ ಕಲಿತದ್ದು, ದೃಷ್ಟಿ ಬೀಳುವುದು ಚಂದ ಇರುವವರಿಗೆ ಮಾತ್ರ ಎಂದು. (ಅಮ್ಮ ಕಲಿಸಿದ ಮಾತಿಗಿಂತ ಅಜ್ಜಿಯ ಥೂ ಥೂವನ್ನೇ ಅವಳು ಹೆಚ್ಚು ನಂಬಿದ್ದಳು. ಇಂಥ ಮುಖ್ಯ ವಿಷಯವನ್ನು ಆವರಣದೊಳಗೆ ತುರುಕುವುದು ನನ್ನ ಚಾಳಿ. ಕ್ಷಮಿಸಿ.)

4

ನಿನ್ನೆ ಶಾಲೆಯಲ್ಲಿ ರಾಜ್ಯೋತ್ಸವದ ಡ್ಯಾನ್ಸಿಗೆ ಕೊನೆಯ ರಿಹರ್ಸಲ್. ಹಳದಿ ರವಿಕೆ, ಕೆಂಪು ಲಂಗ ತೊಟ್ಟ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೀಲಾಂಬಿಕಾ ಮಿಸ್ ಒಬ್ಬೊಬ್ಬರ ಕೆನ್ನೆಗೂ ಕಾಡಿಗೆಯ ದೃಷ್ಟಿ ಬೊಟ್ಟು ಇಡುತ್ತಾ ಬಂದರು. ಕೀರ್ತನಾ ಕೆನ್ನೆ ಒಡ್ಡಿದಳು.

“ನಿಂಗೆ ಬೇಡ ಪುಟ್ಟಿ, ನಿನ್ ಮೇಲೆ ಕಾಣ್ಸಲ್ಲ,” ಎಂದು ಮಿಸ್ ತಲೆ ಸವರಿ ಪಕ್ಕದ ಹುಡುಗಿಯತ್ತ ಸರಿದರು.

ಮಿಸ್ ಅನ್ನು ಕೆಟ್ಟವರನ್ನಾಗಿ ಮಾಡಲು ಒಂದು ಇಡೀ ಡ್ರಾಫ್ಟ್ ಖರ್ಚು ಮಾಡಿದೆ. ಆಗಲಿಲ್ಲ. ಆಕೆ ತಲೆ ಸವರಿದ್ದು ನಿಜವಾದ ಅಕ್ಕರೆಯಿಂದಲೇ. ಅದಕ್ಕೇ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಮಗುವಿಗೂ ಸಾಧ್ಯವಾಗಲಿಲ್ಲ, ನನಗೂ.

4 (ಮತ್ತೊಮ್ಮೆ, ಯಾಕೆಂದರೆ ಮುಂದೆ ಹೋಗಲು ಕಾಲು ಬರುತ್ತಿಲ್ಲ)

ಇವತ್ತು ಬೆಳಿಗ್ಗೆ ಕೀರ್ತನಾ ಎರಡು ವಾಕ್ಯ ಹೇಳಿ ನಿಂತಳು.

“ಇನ್ನೊಂದು?” ಎಂದಳು ಕಲಾವತಿ.

“ಅದು ಬೇಡ.”

“ಯಾಕೆ ಬೇಡ?”

“ಸುಳ್ಳು ಅದು. ನಂಗೆ ದೃಷ್ಟಿನೇ ಬೀಳಲ್ಲ. ಮಿಸ್ ಎಲ್ರಿಗೂ ಬೊಟ್ಟು ಇಟ್ರು, ನಂಗೆ ಬೇಡ ಅಂದ್ರು.” ಲಂಗ ಹಾಸಿಗೆಯ ಮೇಲೆ ಮಡಿಸಿದಂತೆಯೇ ಇತ್ತು. “ನಾನು ಡ್ಯಾನ್ಸಿಗೂ ಹೋಗಲ್ಲ.”

ಶಂಕ್ರವ್ವ ಮುಷ್ಟಿಯಲ್ಲಿ ಉಪ್ಪು ಹಿಡಿದು ಅಲ್ಲೇ ನಿಂತಿದ್ದಳು. ಹೇಳದ ಮಾತಿಗೆ ನಿವಾಳಿಸುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

5

ಇಲ್ಲಿ ಕೆಲವು ಮುಕ್ತಾಯಗಳಿವೆ, ಬೇಕಾದ್ದನ್ನು ಎತ್ತಿಕೊಳ್ಳಿ.

ಕಲಾವತಿ ಶಾಲೆಗೆ ಹೋಗಿ ಜಗಳವಾಡುತ್ತಾಳೆ, ಮಿಸ್ ಕಣ್ಣೀರು ಹಾಕುತ್ತಾರೆ. (ಕಲಾವತಿ: “ಆಮೇಲೆ ಆ ಕ್ಲಾಸಲ್ಲಿ ವರ್ಷವೆಲ್ಲ ಕೂರೋದು ನನ್ ಮಗಳು. ನೀವಲ್ಲ.”)

ಅಥವಾ ಅಜ್ಜಿ ಸುಣ್ಣದಲ್ಲಿ ಬಿಳಿ ಬೊಟ್ಟು ಇಡುತ್ತಾಳೆ, ಹುಡುಗಿ ನಗುತ್ತಾಳೆ. ಇದು ನನಗೆ ಬಹಳ ಇಷ್ಟವಾಗಿತ್ತು, ರಾತ್ರಿಯೆಲ್ಲ ಬೀಗಿದ್ದೆ. ಕೀರ್ತನಾ ಮಾತ್ರ ನನ್ನನ್ನು ನೇರವಾಗಿ ನೋಡಿ, “ಅಂಕಲ್, ಅವರ್ಗೆಲ್ಲ ಕಪ್ಪು, ನಂಗೆ ಯಾಕೆ ಬೇರೆ?” ಎಂದಳು. ಹೊಡೆದುಹಾಕಿದೆ.

ವೇದಿಕೆ, ಮೈಕು, ಮೂರನೆಯ ವಾಕ್ಯ, ಚಪ್ಪಾಳೆ. (ಯಾರೂ ಏನೂ ಹೇಳಲಿಲ್ಲ. ನನಗೇ ನಾಚಿಕೆಯಾಯಿತು.)

7

(ಆರನ್ನು ಹರಿದುಹಾಕಿದ್ದೇನೆ. ಅದರಲ್ಲಿ ಬರೀ ಉಪದೇಶವಿತ್ತು.)

“ನಾನು ಹೇಳ್ತೀನಲ್ಲ, ನೀನು ಚಂದ ಇದೀಯ ಕಣೇ,” ಎಂದಳು ಕಲಾವತಿ.

“ನಂಗೆ ಹೇಳೋದಲ್ಲ. ನಿಂದು ಹೇಳು.”

“ನಂದ್ಯಾಕೆ? ನಾನು ದೊಡ್ಡವಳು.”

“ಒಂದ್ ಸಲಾನೂ ಹೇಳ್ಕೊಂಡಿಲ್ಲ ನೀನು. ನಾನು ನಿನ್ ಥರಾನೇ ಇದೀನಿ ಅಂತ ಎಲ್ರೂ ಹೇಳ್ತಾರೆ.”

ಕಲಾವತಿ ಕನ್ನಡಿಯತ್ತ ನೋಡಿದಳು. ಅದರಲ್ಲಿ ಕಂಡದ್ದು ಅವಳ ಸೊಂಟ, ಬಾಚಣಿಗೆ ಹಿಡಿದ ಕೈ ಮಾತ್ರ. ಮಗಳಿಗೆಂದು ಹೊಡೆದ ಮೊಳೆ, ನಿಂತರೆ ಅಮ್ಮನ ಮುಖ ಅದರಲ್ಲಿ ಬರುವುದಿಲ್ಲ. ಇಷ್ಟು ದಿನ ಅದನ್ನು ಅವಳು ಗಮನಿಸಿರಲಿಲ್ಲ. ನಾನೂ ಗಮನಿಸಿರಲಿಲ್ಲ, ಬರೆಯುತ್ತಿದ್ದವನು.

ಬಾಚಣಿಗೆ ಕೆಳಗಿಟ್ಟು ಅವಳು ಮಂಡಿಯೂರಿ ಕುಳಿತಳು. ಎರಡು ಮುಖಗಳೂ ಕನ್ನಡಿಯಲ್ಲಿ ಇಕ್ಕಟ್ಟಾಗಿ ಸೇರಿದವು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯ ತಪ್ಪು ಹುಡುಕುವ ಕಲಾವತಿಯ ಕಣ್ಣು, ತನ್ನ ಮುಖದ ಮೇಲೂ ಹಾಗೆಯೇ ಓಡಾಡಿತು. ಕೀರ್ತನಾ ಅವಸರಪಡಿಸಲಿಲ್ಲ.

“ನಾನು...” ಎಂದಳು ಕಲಾವತಿ.

ಮುಂದಿನ ಪದ ನನ್ನ ಪೆನ್ನಿನ ತುದಿಯಲ್ಲೇ ಇತ್ತು. ಆಗ ಅವಳು ತಿರುಗಿ ನೋಡಿದಳು.

“ಸಾರ್, ಬೇಜಾರು ಮಾಡ್ಕೋಬೇಡಿ. ಸ್ವಲ್ಪ ಆಚೆ ಇರ್ತೀರಾ? ಅವರನ್ನೂ ಕರ್ಕೊಂಡು ಹೋಗಿ.”

ಅವರು ಎಂದರೆ ನೀವು.

ಹೀಗೆ ನಾವಿಬ್ಬರೂ ಈಗ ಮೆಟ್ಟಿಲ ಹತ್ತಿರ ನಿಂತಿದ್ದೇವೆ. ಬಾಗಿಲು ಮುಚ್ಚಿದೆ. ಒಳಗೆ ಒಂದು ದನಿ ಕೇಳಿಸಿತು. ಅಮ್ಮನದೋ ಮಗಳದೋ, ಯಾವ ಪದವೋ, ನನಗೆ ತಿಳಿಯಲಿಲ್ಲ. ನಿಮಗೆ ತಿಳಿದಿದ್ದರೂ ನನಗೆ ಹೇಳಬೇಡಿ, ಬರೆದುಬಿಡುತ್ತೇನೆ. ಸ್ಕೂಲ್ ವ್ಯಾನ್ ಬಂದು ಹಾರ್ನ್ ಹೊಡೆಯುತ್ತಿದೆ. ಒಂದು ನಿಮಿಷ ನಿಲ್ಲಿಸಿ ಎಂದು ಡ್ರೈವರ್‌ಗೆ ಕೈ ತೋರಿಸಿದ್ದೇನೆ.